ಒಂದು ಶೂ ಮೇಲೆ, ಒಂದು ಶೂ ಕೆಳಗೆ

ಯಾವುದಾದರೂ ಎಡವಟ್ಟು ಆಗಬೇಕಿದ್ದರೆ ಅದು ನನ್ನನ್ನು ಹುಡುಕಿಕೊಂಡು ಬರುತ್ತದೆ. ಸ್ಟುಟ್‌ಗಾರ್ಟ್‌ಗೆ ಇಂಜಿನಿಯರಾಗಿ ಬಂದು ಆರು ವರ್ಷವಾದರೂ ಅದಕ್ಕೆ ನನ್ನ ವಿಳಾಸ ಮರೆತಿಲ್ಲ.

ಈ ಸಲ ಜಪಾನಿನಿಂದ ಒಬ್ಬ ಹಿರಿಯ ಕ್ಲೈಂಟ್ ಬಂದಿದ್ದರು. ಅವರ ಕಂಪನಿಯ ಡೇಟಾ ಕಾಯುವ ಪ್ರಾಜೆಕ್ಟ್ ನಮಗೆ ಸಿಗುತ್ತದೋ ಇಲ್ಲವೋ ಎನ್ನುವುದು ಸೋಮವಾರ ತಿಳಿಯಬೇಕಿತ್ತು. "ಅವರ ಊರಿನ ಬೆಟ್ಟದ ಮೇಲೆ ಕೋಟೆ ಇದೆಯಂತೆ. ಭಾನುವಾರ ನಮ್ಮ ಕೋಟೆ ತೋರಿಸಿ. ಪ್ರಾಜೆಕ್ಟ್ ಹೋದರೆ ನಿಮ್ಮ ಟೀಮ್ ಕೂಡ ಹೋಗುತ್ತೆ," ಎಂದರು ಮ್ಯಾನೇಜರ್.

೧

ರೈಲು ಇಪ್ಪತ್ತು ನಿಮಿಷ ತಡ. ಅತಿಥಿ ಗಡಿಯಾರ ನೋಡಿದಾಗಲೆಲ್ಲ ನನಗೆ ಬೆವರು.

"ರೀ, ಸಾರಿ ಕೇಳ್ರೀ," ಎಂದಳು ಜೊತೆಗೆ ಬಂದಿದ್ದ ಹೆಂಡತಿ. ಕೇಳಿದೆ. ಐದು ನಿಮಿಷ ಬಿಟ್ಟು ಮತ್ತೆ ಕೇಳಿದೆ.

ನಾಲ್ಕನೇ ಸಲಕ್ಕೆ ಅವರು ಕನಿಕರದಿಂದ ವಿಚಾರಿಸಿದರು: "ನೀವು ರೈಲ್ವೆಯಲ್ಲೂ ಕೆಲಸ ಮಾಡುತ್ತೀರಾ?"

೨

ಬೆಟ್ಟ ಹತ್ತುವಾಗ ಭಯಕ್ಕೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ಇಲ್ಲಿ ಒಂದೊಂದು ಕಲ್ಲೂ ಪುರಾತನ!"

ಮೇಲೆ ಗೈಡ್ ಶುರುಮಾಡಿದಳು: "ಹಳೆಯ ಕೋಟೆ ಬಿದ್ದುಹೋಗಿತ್ತು. ನೀವು ನೋಡುತ್ತಿರುವುದೆಲ್ಲ ಆಮೇಲೆ ಕಟ್ಟಿದ್ದು."

ಅತಿಥಿ ನನ್ನತ್ತ ತಿರುಗಿದರು. ಭೂಮಿ ಬಾಯಿಬಿಡಬಾರದೇ ಎನಿಸಿತು.

"ನಮ್ಮದೂ ಹಾಗೇ, ಬಿದ್ದಮೇಲೆ ಕಟ್ಟಿದ್ದು," ಎಂದು ಅವರು ಸಮಾಧಾನ ಹೇಳಿದರು. "ಆದರೆ ನಾವು ಲಿಫ್ಟ್ ಕೂಡ ಇಟ್ಟೆವು."

೩

ದೊಡ್ಡ ಹಜಾರದ ಬಾಗಿಲಲ್ಲಿ ದೋಣಿಯಷ್ಟು ದೊಡ್ಡ ಉಣ್ಣೆ ಚಪ್ಪಲಿಗಳಿದ್ದವು. ಮರದ ನೆಲ ಸವೆಯಬಾರದೆಂದು ಅವನ್ನು ಶೂ ಮೇಲೆಯೇ ಹಾಕಿಕೊಳ್ಳಬೇಕು. ಉಳಿದವರೆಲ್ಲ ಹಾಗೇ ಮಾಡಿದರು. ಹೊಸಿಲು ಕಂಡರೆ ಶೂ ಬಿಚ್ಚುವ ಜನ ನಾವು ಮೂವರೇ: ಇಬ್ಬರು ಮೈಸೂರಿನವರು, ಒಬ್ಬರು ಜಪಾನಿನವರು.

ನೋಡಿ ಹೊರಬಂದರೆ ನಮ್ಮ ಶೂಗಳಿವೆ, ಅತಿಥಿಯ ಹೊಸ ಚರ್ಮದ ಶೂ ಇಲ್ಲ!

"ಯಾರೂ ಕದೀಬಾರ್ದು ಅಂತ, ನೀವಿಬ್ರೂ ಒಳಗೆ ನೋಡ್ತಿದ್ದಾಗ ನಾನೇ ಒಂದನ್ನ ಈ ಕಂಬದ ಹಿಂದೆ, ಇನ್ನೊಂದನ್ನ ಕೆಳಗಿನ ಗೇಟ್ ಹತ್ರ ಹೂಕುಂಡದ ಹಿಂದೆ ಇಟ್ಟಿದ್ದೆ," ಎಂದಳು ಹೆಂಡತಿ.

"ಇದೇನು ಚಾಮುಂಡಿ ಬೆಟ್ಟವೇನೇ?"

"ಬೆಟ್ಟ ತಾನೇ?" ಎಂದವಳು ತಾನು ಮಾಡಿದ್ದನ್ನು ಅತಿಥಿಗೂ ಇಂಗ್ಲಿಷಿನಲ್ಲಿ ವಿವರಿಸಿದಳು.

ಒಂಟಿ ಶೂ ಕಂಡರೆ ಜರ್ಮನರು ಸುಮ್ಮನಿರುತ್ತಾರೆಯೇ? ಒಂದನ್ನು ಯಾರೋ ಕಳೆದುಹೋದ ವಸ್ತುಗಳನ್ನಿಡುವ ಮೇಲಿನ ಕೌಂಟರಿಗೆ ಒಪ್ಪಿಸಿದ್ದರು, ಇನ್ನೊಂದನ್ನು ಕೆಳಗಿನ ಕೌಂಟರಿಗೆ.

"ನಿಮ್ಮದೇ ಎನ್ನಲು ಸಾಕ್ಷಿ? ಇದರ ಜೋಡಿ ಶೂ ತೋರಿಸಿ," ಎಂದರು ಮೇಲಿನವರು. ಕೆಳಗೆ ಓಡಿದೆವು. ಅಲ್ಲಿಯೂ ಅದೇ ಮಾತು. ಉಣ್ಣೆ ಚಪ್ಪಲಿ ಎಳೆಯುತ್ತಾ ಅತಿಥಿ ಮೂರು ಸಲ ಕೋಟೆ ಹತ್ತಿಳಿದರು. ಕೊನೆಗೆ ಎರಡೂ ಕೌಂಟರಿನವರು ಒಂದೊಂದು ಶೂ ಹಿಡಿದು ಅಂಗಳದ ಮಧ್ಯೆ ಸೇರಿ, ಪಕ್ಕಪಕ್ಕ ಇಟ್ಟು ನೋಡಿ, ಎರಡು ಫಾರ್ಮಿಗೆ ಸಹಿ ಹಾಕಿಸಿಕೊಂಡು ಬಿಟ್ಟುಕೊಟ್ಟರು.

ಸೋಮವಾರ ಮ್ಯಾನೇಜರ್ ಎಲ್ಲರನ್ನೂ ಕರೆದು ಅತಿಥಿಯ ಇಮೇಲ್ ಓದಿದರು. ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ.

"ನನ್ನ ಶೂಗಳನ್ನು ಬೇರೆಬೇರೆ ಮಾಡಿ ಎರಡು ಕಡೆ ಇಟ್ಟಿದ್ದರು. ಕಳ್ಳ ಹಾಗಿರಲಿ, ಮಾಲೀಕನಾದ ನನಗೇ ಒಂದೂವರೆ ಗಂಟೆ ಸಿಗಲಿಲ್ಲ. ಇಷ್ಟು ಭದ್ರತೆ ನಾನೆಲ್ಲೂ ಕಂಡಿಲ್ಲ. ನಮ್ಮ ಡೇಟಾ ನಿಮಗೇ. ಷರತ್ತು ಒಂದೇ: ಪ್ರಾಜೆಕ್ಟಿಗೆ ಆ ಇಂಜಿನಿಯರ್ ಬೇಡ, ಅವರ ಹೆಂಡತಿಯನ್ನು ಹಾಕಿ."