ತಲೆಯ ಮೇಲೆ ಕಾಲಿದ್ದ ನೊಣ

ಜೀವಶಾಸ್ತ್ರ ಕಲಿಸುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ಪಾಠ ತರಗತಿಯಲ್ಲಿ ಮುಗಿಯುವುದಿಲ್ಲ, ಮೆಲ್ಲಗೆ ನಮ್ಮ ಹಿಂದೆಯೇ ಮನೆಗೆ ಬರುತ್ತದೆ. ತೊಂಬತ್ತರ ದಶಕದ ಕೊನೆಗೆ ನಾನು ಹಡಗಲಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ಆ ದಿನಗಳನ್ನು ನೆನೆದರೆ ಈಗಲೂ ಮಧ್ಯಾಹ್ನದ ಜೊಂಪಿನಲ್ಲಿ ಕಂಡ ಕನಸಿನಂತೆ ಅನಿಸುತ್ತವೆ.

ನಮಸ್ಕಾರ

ಊಟವಾದ ಮೇಲಿನ ಪೀರಿಯಡ್. ಕರೆಂಟಿಲ್ಲ. ಹುಡುಗಿಯರ ಮುಡಿಯ ಮಲ್ಲಿಗೆ ವಾಸನೆಗೆ ಇಡೀ ತರಗತಿಯ ಕಣ್ಣು ಎಳೆಯುತ್ತಿತ್ತು, ನನ್ನದೂ.

"ಹುಳದ ಮೈಯಲ್ಲಿ ಎಲ್ಲಿ ಏನು ಬೆಳೆಯಬೇಕು ಅಂತ ಹೇಳುವ ಜೀನ್‌ಗಳಿವೆ," ಎಂದೆ. "ಇಲ್ಲಿ ಕಾಲು, ಅಲ್ಲಿ ರೆಕ್ಕೆ, ತಲೆಗೆ ಕುಡಿಮೀಸೆ, ಅಂದರೆ ಆಂಟೆನಾ. ಅಂಥ ಒಂದು ಜೀನ್ ತಪ್ಪು ಜಾಗದಲ್ಲಿ ಕೆಲಸ ಶುರು ಮಾಡಿದರೆ, ಹಣ್ಣಿನ ನೊಣಕ್ಕೆ ಕುಡಿಮೀಸೆ ಬರುವ ಕಡೆ ಕಾಲು ಬರುತ್ತದೆ."

ಕೊನೆಯ ಬೆಂಚಿನಲ್ಲಿ ಮಲಗಿದ್ದವನು ಎದ್ದು ಕೂತ. "ತಲಿ ಮ್ಯಾಲೇನ್ರಿ ಮೇಡಂ?"

"ಹೌದು."

ಅವನು ಕಣ್ಣುಜ್ಜಿಕೊಂಡ. "ಹಂಗಾದ್ರ ಅದು ಯಾರಿಗರ ತಲಿ ಬಗ್ಗಿಸಿ ನಮಸ್ಕಾರ ಮಾಡಿದ್ರ, ಒದ್ದಂಗ ಆಕೈತಲ್ರಿ!"

ನಾಲ್ಕು ರೆಕ್ಕೆ

ಪ್ರಾಕ್ಟಿಕಲ್‌ಗೆಂದು ನನ್ನ ಬಾಡಿಗೆ ಕೋಣೆಯಲ್ಲೇ, ಬಾಟಲಿಯಲ್ಲಿ ಬಾಳೆಹಣ್ಣು ಕೊಳೆಯಲು ಬಿಟ್ಟು ನೊಣ ಸಾಕಿದ್ದೆ. ನೊಣಕ್ಕೆ ರೆಕ್ಕೆ ಎರಡೇ. ಅವುಗಳ ಹಿಂದೆ ಅಂಗಿ ಗುಂಡಿಯಂಥ ಪುಟ್ಟ ಗಂಟುಗಳು ಎರಡಿರುತ್ತವೆ. ಒಂದು ಜೀನ್ ಕೈಕೊಟ್ಟರೆ ಅವೂ ರೆಕ್ಕೆಗಳೇ ಆಗುತ್ತವೆ. ಅದನ್ನೇ ಓದುತ್ತ ನಿದ್ದೆ ಹೋದೆ. ಕನಸಿನಲ್ಲಿ ನಾಲ್ಕು ರೆಕ್ಕೆಯ ನೊಣಗಳು ಸದ್ದಿಲ್ಲದೆ ನನ್ನ ಮಂಚವನ್ನು ಎತ್ತಿಕೊಂಡು ಮಲ್ಲಿಗೆ ತೋಟಗಳ ಮೇಲೆ ತೇಲುತ್ತಿದ್ದವು. ಎಚ್ಚರವಾದಾಗ ಮನೆ ಒಡತಿ ಬಾಟಲಿ ತೊಳೆದು, ಉಪ್ಪಿನಕಾಯಿ ತುಂಬುತ್ತಿದ್ದರು.

"ಹಣ್ಣು ಕೊಳತಿತ್ತು, ಪಾಪ ನಿಮಗ ಗೊತ್ತಾಗಿಲ್ಲ," ಎಂದರು.

"ಅಯ್ಯೋ, ನೊಣ?"

"ಒಂದೂ ಸತ್ತಿಲ್ರಿ. ಎಲ್ಲಾ ಹಾರಿ ಹೋದ್ವು."

ಸಂಜೆ ನನ್ನ ಮಜ್ಜಿಗೆ ಲೋಟದ ಸುತ್ತ ನೊಣಗಳು ಸುಳಿದಾಡಿದವು. ಅವರು ಸಂತೋಷದಿಂದ ಹೇಳಿದರು: "ನೋಡ್ರಿ, ಸಾಕಿದವ್ರನ್ನ ಹೆಂಗ ಗುರ್ತು ಹಿಡಿದಾವ!"

ಕೂಸು

ಮನೆ ಒಡತಿಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನನ್ನ ಗೋಡೆಯ ಮೇಲೆ ತಲೆಯಲ್ಲಿ ಕಾಲಿದ್ದ ನೊಣದ ಚಿತ್ರವಿತ್ತು. ಅದನ್ನು ನೋಡಿದವಳೇ, "ಅಕ್ಕಾ, ಇಂಥಾ ಜೀನು ಮನುಷ್ಯಾರಾಗೂ ಅದಾವೇನ್ರಿ?" ಎಂದಳು.

ಪಾಠ ಹೇಳುವವರ ಬುದ್ಧಿ ನೋಡಿ. "ಓಹೋ, ನಮ್ಮಲ್ಲೂ ಇವೆ!" ಎಂದುಬಿಟ್ಟೆ.

ಅವಳು ಹೊಟ್ಟೆ ಹಿಡಿದುಕೊಂಡು ಅಳಲು ಕೂತಳು. ಎರಡು ಹೊತ್ತು ಊಟ ಬಿಟ್ಟಳು. ಒಡತಿ ಚಿತ್ರದ ಮೇಲೆ ಹಳೆ ಸೀರೆ ಹೊದಿಸಿ, "ಏನರ ಹೇಳಿ ಸಮಾಧಾನ ಮಾಡ್ರಿ, ಅಂಜಿಕಿ ಹಚ್ಚಿದ್ದು ನೀವ," ಎಂದರು.

ಸಂಜೆ ಮಾಳಿಗೆಯ ಮೇಲೆ ಅವಳನ್ನು ಕೂರಿಸಿಕೊಂಡೆ. ಗಾಳಿ ತಣ್ಣಗಿತ್ತು. "ನೊಣದ್ದು ಸಾವಿರಕ್ಕೊಂದು ಎಡವಟ್ಟು ಕಣಮ್ಮ. ನಿನ್ನೊಳಗೆ ಈಗ ಯಾರೂ ಕೂಗಿ ಹೇಳದೆಯೇ ಬೆರಳು ಬೆರಳಿನ ಜಾಗಕ್ಕೆ, ಕಣ್ಣು ಕಣ್ಣಿನ ಜಾಗಕ್ಕೆ ಹೋಗಿ ಕೂತಾಗಿದೆ," ಎನ್ನುತ್ತ ಹೋದೆ. ಹೇಳುತ್ತ ಹೇಳುತ್ತ ನನಗೇ ಅಚ್ಚರಿ ಎನಿಸಿ ಮಾತು ನಿಧಾನವಾಯಿತು. ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು.

ಮಗಳ ಭಯ ಹೋಯಿತು. ತಾಯಿಗೆ ಅಂಟಿಕೊಂಡಿತು.

ಆಸ್ಪತ್ರೆಗೆ ನಾನೂ ಹೋಗಿದ್ದೆ. ಹೆರಿಗೆಯಾಗಿ ನರ್ಸ್ ಕೂಸನ್ನು ಹೊರಗೆ ತಂದಾಗ ಒಡತಿ ಗಂಡೋ ಹೆಣ್ಣೋ ಕೇಳಲಿಲ್ಲ. ನೇರ ಕುಲಾವಿ ಬಿಚ್ಚಿ ತಲೆ ಸವರತೊಡಗಿದರು.

"ಏನ್ ಹುಡುಕಾಕತ್ತೀರಬೇ?" ನರ್ಸ್ ಕೇಳಿದರು.

"ಕಾಲು."

ನರ್ಸ್ ನನ್ನ ಮುಖ ನೋಡಿ, ಮೆಲ್ಲಗೆ ಬಟ್ಟೆಯ ಇನ್ನೊಂದು ತುದಿ ಸರಿಸಿದರು. "ಇಲ್ಲಿ ಅದಾವ ನೋಡ್ರಿ."

ಒಡತಿ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಕಣ್ಣಲ್ಲಿ ನೀರು. ಆಮೇಲೆ ಅವರು ಕೂಸಿನ ಮುಖವನ್ನು ಹತ್ತಿರದಿಂದ ನೋಡಿದರು, ಇನ್ನಷ್ಟು ಬಾಗಿ ನೋಡಿದರು.

"ಮೇಡಂ, ಎಲ್ಲಾ ಜಾಗದಾಗ ಐತ್ರಿ. ಆದ್ರ ಮೂಗು ಅಳಿಯಂದು ಬಂದೈತಿ. ಇದಕ್ಕೇನರ ಮಾಡಾಕ ಬರ್ತೈತೇನ್ರಿ?"

ಹಿಂದೆ ನಿಂತಿದ್ದ ಅಳಿಯ ಮೆಲ್ಲಗೆ ತನ್ನ ಮೂಗು ಮುಟ್ಟಿ ನೋಡಿಕೊಂಡ.