ಮಾವನ ಹಗ್ಗದ ಇನ್ನೊಂದು ತುದಿ

ನಮ್ಮ ಸೋದರಮಾವನ ಕೈಗೆ ಹಗ್ಗ ಕೊಟ್ಟಿರೋ, ಅದು ಮತ್ತೆ ಹಗ್ಗವಾಗಿ ವಾಪಸ್ಸು ಬರುವುದಿಲ್ಲ! ಹೊನ್ನಾಳಿಯಲ್ಲಿ ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು, ಈಗ ಗಂಟು ಕಟ್ಟುತ್ತಾರೆ. ಮೂಟೆಗಲ್ಲ, ದನಕ್ಕಲ್ಲ, ಬರೀ ಗಂಟಿಗಾಗಿ ಗಂಟು!

ಶಾಲೆಯಲ್ಲಿ ನಮ್ಮನ್ನೆಲ್ಲ ಅಳಿಸಿದ ಬಹುಪದೋಕ್ತಿ ಇದೆಯಲ್ಲ, ಪ್ರತಿ ಗಂಟಿಗೂ ಅಂಥದೊಂದು ಇರುತ್ತದಂತೆ. ಬೇರೆಯವರು ಗಂಟು ನೋಡಿ ಅದನ್ನು ಲೆಕ್ಕ ಹಾಕಿದರೆ, ಮಾವ ಬಹುಪದೋಕ್ತಿಯನ್ನು ಮೊದಲು ಬರೆದು, ಅದೇ ಬರುವಂಥ ಗಂಟು ಕಟ್ಟುತ್ತಾರೆ. ಅಂಗಿ ಹೊಲಿದಿಟ್ಟು ಅಳತೆಗೆ ಮನುಷ್ಯನನ್ನು ಹುಡುಕಿದ ಹಾಗೆ! ಸಣ್ಣ ಗಂಟುಗಳನ್ನು ಪೋಣಿಸಿ ಮುಗಿಸುವಂತೆಯೂ ಇಲ್ಲ. ಅದು ‘ಹೈಪರ್ಬೋಲಿಕ್’ ಆಗಬೇಕು. ಒಡೆದು ಬೇರೆ ಮಾಡಲಾಗದ ಜಾತಿ. ಕೊನೆಗೆ ಎರಡು ತುದಿಗಳನ್ನೂ ಕೂಡಿಸಿ ಹೊಲಿದುಬಿಡುತ್ತಾರೆ.

ಹೀಗೆ ಬಟ್ಟೆ ಒಣಹಾಕುವ ಹಗ್ಗ ಹೋಯಿತು. ಎಮ್ಮೆಯ ಹಗ್ಗ ಹೋಯಿತು, ಹಿಂದೆಯೇ ಎಮ್ಮೆಯೂ ಹೋಯಿತು! ಪೈಜಾಮದ ಲಾಡಿ ಹೋದ ದಿನದ ಕಥೆ ಬೇಡ ಬಿಡಿ.

ಮಾವ ಸುತ್ತು ಹಾಕುವಾಗ ಇನ್ನೊಂದು ತುದಿ ಹಿಡಿಯುವ ಕೆಲಸ ಅತ್ತೆಯದು.

“ಏನ್ರೀ, ನಾನು ಇಲ್ಲಿ ಕುಂತ್ರೆ ಮುದ್ದೆ ನಿಮ್ಮ ಬಹುಪದೋಕ್ತಿ ಬಂದು ತಿರುವ್ತೈತಾ?”

“ಸುಮ್ನೆ ಹಿಡ್ಕಳೇ. ಈ ಸಲ ಉತ್ತರ ಬರೀ ‘ಒಂದು’ ಬರಬೇಕು.”

“ಹಂಗಂದ್ರೆ?”

“ಲೆಕ್ಕ ಹಾಕಿದ್ರೆ ಗಂಟೇ ಇಲ್ಲ ಅನ್ನಬೇಕು. ಆದ್ರೂ ಬಿಚ್ಚಾಕೆ ಬರಬಾರದು.”

“ನಮ್ಮ ಸಂಸಾರ ಇದ್ದಂಗೆ ಅನ್ರಿ!”

ಆ ಗಂಟು ಮುಗಿಯುವ ಮೊದಲೇ ಅತ್ತೆ ತೀರಿಕೊಂಡರು. ಮಾವ ಹಗ್ಗ ಬಿಟ್ಟರು, ಮಾತು ಬಿಟ್ಟರು, ಊಟವನ್ನೂ ಹೆಚ್ಚುಕಡಿಮೆ ಬಿಟ್ಟರು. ಚನ್ನಗಿರಿಗೆ ಬಂದು ನಮ್ಮ ಜೊತೆ ಇರಿ ಎಂದರೆ ಗೋಡೆ ನೋಡುತ್ತಿದ್ದರು.

ಮೊನ್ನೆ ನ್ಯಾಮತಿಯ ಹಗ್ಗದಂಗಡಿ ಸಾಹೇಬರು ನನಗೆ ಫೋನ್ ಮಾಡಿದರು. “ನಿಮ್ಮ ಮಾವನೋರು ಗಟ್ಟಿ ಹಗ್ಗ ತಗಂಡು ಹೋದ್ರು. ಯಾತಕ್ಕೆ ಅಂದ್ರೆ ಬಾಯೇ ಬಿಡ್ಲಿಲ್ಲ. ಬೇಗ ಹೋಗಿ ನೋಡ್ರಿ.”

ಹೊನ್ನಾಳಿಯವರೆಗೆ ಬೈಕು ಹೇಗೆ ಓಡಿಸಿದೆನೋ! ಬಾಗಿಲು ತಳ್ಳಿದೆ. ಮಾವ ನೆಲದ ಮೇಲೆ ಕೂತಿದ್ದರು. ಹಗ್ಗದ ಒಂದು ತುದಿ ಕಿಟಕಿಯ ಸರಳಿಗೆ, ಇನ್ನೊಂದು ತುದಿ ಅವರ ಕೈಯಲ್ಲಿ. ನಡುವೆ ಅರ್ಧ ಕಟ್ಟಿದ ಗಂಟು.

“ಕಿಟಕಿ ಸರಿಯಾಗಿ ಹಿಡಿಯಲ್ಲ ಕಣೋ. ಬಾ, ನೀನು ಹಿಡ್ಕ.”

ಸರಳಿನಿಂದ ತುದಿ ಬಿಚ್ಚಿ ಹಿಡಿದು ಕೂತೆ. ಮಾವ ಒಂದು ಸುತ್ತು ಹಾಕಿ ನಿಲ್ಲಿಸಿದರು.

“ಹಿಂಗೆ ಸುಮ್ನೆ ಕುಂತ್ರೆ ಹೆಂಗೋ? ಸ್ವಲ್ಪ ಬೈಯಿ.”

“ಮುದ್ದೆ ನಿಮ್ಮ ಬಹುಪದೋಕ್ತಿ ಬಂದು ತಿರುವ್ತೈತಾ, ಮಾವ?”

ಮಾವನ ಕೈ ಮತ್ತೆ ಓಡತೊಡಗಿತು.