ಕಾಯಿಲೆಯವರನ್ನು ನೋಡಲು ಹೋಗಬಾರದ ಮನುಷ್ಯ

ನಮ್ಮ ಕಡೆ ಮದುವೆಗೆ ಹೋಗದಿದ್ದರೆ ಕ್ಷಮೆ ಉಂಟು, ಗೃಹಪ್ರವೇಶ ತಪ್ಪಿಸಿಕೊಂಡರೂ ಹೇಗೋ ನಡೆಯುತ್ತದೆ. ಆದರೆ ನಂಟರು ಆಸ್ಪತ್ರೆಯಲ್ಲಿ ಮಲಗಿರುವಾಗ ಹೋಗಿ ಮುಖ ತೋರಿಸದಿದ್ದರೆ ಆ ಮಾತು ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ. ಕಿತ್ತಳೆ ಹಣ್ಣು, ಬ್ರೆಡ್ಡು, ಸಾಧ್ಯವಾದರೆ ಎರಡು ಎಳನೀರು ಹಿಡಿದು ಹೋಗಬೇಕು. ಮಂಚದ ತುದಿಯಲ್ಲಿ ಕೂತು, "ಏನೂ ಆಗಿಲ್ಲ ಬುಡಿ, ಎದ್ದು ಓಡಾಡ್ತೀರಿ" ಅನ್ನಬೇಕು. ಧೈರ್ಯ ಹೇಳಿದ ಮೇಲೆ, ಇದೇ ಕಾಯಿಲೆ ಬಂದು ತೀರಿಹೋದ ಇನ್ನೊಬ್ಬರ ಕತೆಯನ್ನು ವಿವರವಾಗಿ ಹೇಳಬೇಕು. ಕೊನೆಗೆ ತಂದ ಕಿತ್ತಳೆಯನ್ನು ತಾನೇ ಸುಲಿದು, ರೋಗಿಗೆ ಎರಡು ತೊಳೆ ಕೊಟ್ಟು, ಮಿಕ್ಕದ್ದನ್ನು ತಿಂದು ಎದ್ದು ಬರಬೇಕು. ಇಂಥ ಒಂದು ಸುಖ ಈಗ ನನ್ನ ಪಾಲಿಗೆ ಇಲ್ಲವಾಗಿದೆ. ಕೈಕಾಲು ಗಟ್ಟಿಯಿರುವ, ಬೇಕಾದಷ್ಟು ಪುರುಸೊತ್ತಿರುವ, ನಂಟರಿಷ್ಟರಿಗೆ ಕೊರತೆಯಿಲ್ಲದ ನಾನು ಯಾವ ರೋಗಿಯ ಹತ್ತಿರವೂ ಸುಳಿಯುವ ಹಾಗಿಲ್ಲ.

ಕಾರಣ ಹೇಳುತ್ತೇನೆ. ನಾನು ಪಾಂಡವಪುರದಲ್ಲಿ ಮೂವತ್ತು ವರ್ಷ ವಿಮೆ ಏಜೆಂಟನಾಗಿದ್ದವನು. ಸಾವು ಅನ್ನುವ ಶಬ್ದವನ್ನೇ ಎತ್ತದೆ ದಿನವಿಡೀ ಸಾವಿನ ಬಗ್ಗೆ ಮಾತಾಡುವುದು ಆ ಕಸುಬಿನ ಗುಟ್ಟು. "ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ" ಎಂದು ಶುರು ಮಾಡಿದರೆ ಸಾಕು, ಎದುರಿಗಿದ್ದವರು ಹೆಂಡತಿ ಮಕ್ಕಳ ಮುಖ ನೆನೆದುಕೊಂಡು ಸಹಿ ಹಾಕುತ್ತಿದ್ದರು. ಕೆಲಸ ಬಿಟ್ಟ ಮೇಲೆ ದೇಹಕ್ಕೆ ವಿಶ್ರಾಂತಿ ಸಿಕ್ಕಿತು, ಬಾಯಿಗೆ ಸಿಗಲಿಲ್ಲ. ಮನೆಯಲ್ಲಿ ಕೇಳುವವಳು ನನ್ನ ಹೆಂಡತಿ ಜಯಮ್ಮ ಒಬ್ಬಳೇ. ಅವಳು ನನ್ನ ಮಾತು ಶುರುವಾದರೆ ಮಿಕ್ಸಿ ಹಾಕುತ್ತಾಳೆ. ಹಾಗಿರುವಾಗ ಊರಿನ ಕೆಲವು ಗೆಳೆಯರು ಸೇರಿ ಅಂಗಾಂಗ ದಾನದ ಬಗ್ಗೆ ಜನರಿಗೆ ತಿಳಿಹೇಳುವ ಒಂದು ಗುಂಪು ಕಟ್ಟಿದರು, ಮಾತಾಡಲು ನನ್ನನ್ನು ಕರೆದರು. ಹಿಂದೆ ಕಂತು ಕಟ್ಟಿ ಎಂದು ಬೆನ್ನು ಹತ್ತುತ್ತಿದ್ದವನಿಗೆ, ಕಾಸು ಬೇಡ, ಹೋಗುವಾಗ ಬಿಟ್ಟು ಹೋಗುವುದನ್ನಷ್ಟೇ ಕೊಡಿ ಎಂದು ಕೇಳುವುದು ಎಷ್ಟರ ಕೆಲಸ? ಒಪ್ಪಿಕೊಂಡುಬಿಟ್ಟೆ.

ಪ್ರಚಾರಕ್ಕೆ ಶ್ರೀರಂಗಪಟ್ಟಣದ ಇಲಿಯಾಸನ ಆಟೋ ಗೊತ್ತುಮಾಡಿಕೊಂಡೆವು. ಅವನ ಆಟೋದ ನೆತ್ತಿಯ ಮೇಲೆ ಎರಡು ದೊಡ್ಡ ಸ್ಪೀಕರುಗಳಿವೆ. ಸೀರೆ ಅಂಗಡಿಯ ಸೇಲು, ಕಾಣೆಯಾದ ಹಸು, ಕರೆಂಟು ಹೋಗುವ ಸುದ್ದಿ ಎಲ್ಲವನ್ನೂ ಒಂದೇ ದನಿಯಲ್ಲಿ ಸಾರುವ ಆಟೋ ಅದು. ನಾವಿಬ್ಬರೂ ಸಂತೆಯ ದಿನ ನೋಡಿಕೊಂಡು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಲ್ಲ ಸುತ್ತಿದೆವು. ಒಮ್ಮೆ ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡಿನ ಮುಂದೆ ನಾನು ಮೂತ್ರಪಿಂಡ, ಯಕೃತ್ತು, ಹೃದಯಗಳ ಬಗ್ಗೆ ಕರುಳು ಕರಗುವ ಹಾಗೆ ಮಾತಾಡಿ ಮುಗಿಸಿದೆ. ಜನ ಗಂಭೀರವಾಗಿ ನಿಂತಿದ್ದರು. ಇಲಿಯಾಸ ನನಗೆ ನೀರು ಕೊಡುವ ಅವಸರದಲ್ಲಿ ಯಾವುದೋ ಗುಂಡಿ ಒತ್ತಿದ. ಹಿಂದಿನ ವಾರದ ಮಿಕ್ಸಿ ಮೇಳದ ರೆಕಾರ್ಡು ಶುರುವಾಯಿತು: "ಹಳೆಯದು ಹೇಗೇ ಇರಲಿ, ಕೆಟ್ಟಿರಲಿ, ಸುಟ್ಟಿರಲಿ, ತನ್ನಿ! ಹೊಸದು ಒಯ್ಯಿರಿ!" ಬೀಡಿ ಸೇದುತ್ತಿದ್ದ ಮುದುಕರೊಬ್ಬರು ಆಟೋ ಹತ್ತಿರ ಬಂದು, "ಕಣ್ಣು ಒಂದ್ ಜೊತೆ ಬದ್ಲಾಯಿಸಬೇಕಿತ್ತು ಕನಪ್ಪ, ಎಲ್ಲಿಗ್ ತರ್ಬೇಕು?" ಎಂದು ಕೇಳಿದರು. ಇಲಿಯಾಸ ತಲೆ ಮೇಲೆ ಕೈ ಹೊತ್ತು, "ಯಾ ಅಲ್ಲಾ, ಮಾಫ್ ಮಾಡಿ ಸಾರ್" ಅಂದ. ಆದರೆ ಅವತ್ತು ನಮ್ಮ ಹತ್ತಿರ ಬಂದು ವಿಚಾರಿಸಿದಷ್ಟು ಜನ ಮತ್ತೆ ಯಾವತ್ತೂ ವಿಚಾರಿಸಲಿಲ್ಲ.

ಇಷ್ಟೆಲ್ಲ ನಗೆಪಾಟಲಾದರೂ ಯಾಕೆ ಬಿಡಲಿಲ್ಲ ಎಂದು ಕೇಳುತ್ತೀರಿ. ಬೂಕನಕೆರೆಯ ಸಂತೆಯಲ್ಲಿ ಸೊಪ್ಪು ಮಾರುವ ಒಬ್ಬ ಹೆಂಗಸು ಇದ್ದಾಳೆ. ಕಣ್ಣಿನ ಪೊರೆಯಂಥದ್ದಲ್ಲ, ಕರಿಗುಡ್ಡೆಯ ಮೇಲಿನ ಪದರವೇ ಹಾಳಾಗಿ ವರ್ಷಗಟ್ಟಲೆ ಮಸುಕಿನಲ್ಲಿದ್ದವಳು. ಕೈಯಲ್ಲಿ ಮುಟ್ಟಿಯೇ ಕೀರೆ ಯಾವುದು, ದಂಟು ಯಾವುದು ಹೇಳುತ್ತಿದ್ದಳು. ಯಾರೋ ಪುಣ್ಯಾತ್ಮರು ಬಿಟ್ಟುಹೋದ ಕಣ್ಣು ಅವಳಿಗೆ ಬಂತು. ಆಮೇಲೆ ನಾನು ಸಂತೆಗೆ ಹೋದಾಗ ನನ್ನನ್ನೇ ದಿಟ್ಟಿಸಿ ನೋಡಿ, "ನಿಮ್ ದನಿ ಕೇಳಿ ಯಾರೋ ಚಿಕ್ಕ್ ವಯಸ್ಸಿನೋರು ಅಂದ್ಕೊಂಡಿದ್ದೆ ಕನಣ್ಣ, ತಲೆಲಿ ಒಂದ್ ಕೂದ್ಲೂ ಇಲ್ವಲ್ಲ" ಎಂದಳು. ನನ್ನ ಬೋಳು ತಲೆಯನ್ನು ನೋಡಿ ಇನ್ನೊಬ್ಬರು ಅಷ್ಟು ಸಂತೋಷಪಟ್ಟದ್ದನ್ನು ನಾನು ಕಂಡಿರಲಿಲ್ಲ. ದಂಟಿನ ಸೊಪ್ಪು ಎರಡು ಕಂತೆ ಜಾಸ್ತಿ ತಂದು ಜಯಮ್ಮನ ಹತ್ತಿರ ಬೈಸಿಕೊಂಡೆ.

ಆದರೆ ಪ್ರಚಾರ ಎಂಬುದು ಹಚ್ಚಿದವನ ಮೈಗೂ ಅಂಟಿಕೊಳ್ಳುತ್ತದೆ. ವರ್ಷ ಕಳೆಯುವುದರೊಳಗೆ ವಿಮೆ ನಂಜಣ್ಣ ಹೋಗಿ ಕಿಡ್ನಿ ನಂಜಣ್ಣ ಆಗಿದ್ದೆ. ಪಕ್ಕದ ಬೀದಿಯ ಅಜ್ಜಿಯೊಬ್ಬರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಕೈಯಲ್ಲಿ ಕಿತ್ತಳೆ ಹಿಡಿದು ಹೊಸ್ತಿಲು ದಾಟಿದೆನೋ ಇಲ್ಲವೋ, ಪಕ್ಕಕ್ಕೆ ಹೊರಳಲೂ ಆಗದು ಎಂದು ಡಾಕ್ಟರು ಹೇಳಿದ್ದ ಅಜ್ಜಿ ಮೊಣಕೈ ಊರಿ ಎದ್ದು, "ಇನ್ನೂ ಬದುಕಿವ್ನಿ ಕಣ್ಲಾ! ಓಗ್ಲಾ ಅತ್ಲಾಗೆ!" ಎಂದು ಕೂಗಿದರು. ಮನೆಯವರು ಮುಜುಗರಪಟ್ಟು ನನ್ನನ್ನು ಬಾಗಿಲವರೆಗೆ ಬಿಟ್ಟು ಬಂದರು, ಕಿತ್ತಳೆಯನ್ನು ಇಟ್ಟುಕೊಂಡರು. ಅಲ್ಲಿಂದ ಮುಂದೆ ನಾನೇ ಹುಷಾರಾದೆ.

ಹುಷಾರಾಗಿರಲು ಬಿಟ್ಟರೆ ತಾನೆ? ನಮ್ಮ ಒಬ್ಬಳೇ ಮಗಳು ಪೂರ್ಣಿಮಾಳನ್ನು ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಗೆ ಕೊಟ್ಟಿದ್ದೇವೆ. ಅವಳ ಮಾವ, ಅಂದರೆ ನನ್ನ ಬೀಗರು, ಪುಟ್ಟಸ್ವಾಮಿಗೌಡರು. ರಾಗಿ ಹೊಲ, ಒಂದು ಮಂದೆ ಕುರಿ, ದೊಡ್ಡ ದನಿ, ಅದಕ್ಕಿಂತ ದೊಡ್ಡ ಊಟ. ಅಂಥವರಿಗೆ ಪಿತ್ತಕೋಶದಲ್ಲಿ ಕಲ್ಲಾಗಿ ಮೈಸೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಸಣ್ಣ ಆಪರೇಷನ್ನು, ಹೆದರುವಂಥದ್ದಲ್ಲ. ಆದರೆ ಬೀಗರು ಮಲಗಿರುವಾಗ ಬೀಗರು ಹೋಗದಿದ್ದರೆ ಹೇಗೆ? ಮಗಳು ಫೋನು ಮಾಡಿ, "ಅಪ್ಪ, ಎಲ್ರೂ ಬಂದೋದ್ರು. ನಿಮ್ಮಪ್ಪ ಎಲ್ಲವ್ವ ಅಂತ ನಮ್ಮತ್ತೆ ಕೇಳ್ತಾವ್ರೆ" ಎಂದಳು. ಹೋದರೆ ಅಪಶಕುನ, ಹೋಗದಿದ್ದರೆ ಅವಮಾನ. ಇಲಿಯಾಸನನ್ನು ಕೇಳಿದೆ. "ಹೋಗಿ ಸಾರ್, ಬೀಗರ ಇಜ್ಜತ್ತಿನ ಪ್ರಶ್ನೆ. ಬಾಯಿ ಒಂದ್ನ ಮಾತ್ರ ಮನೇಲೇ ಬಿಟ್ಟೋಗಿ" ಎಂದ. ಜಯಮ್ಮನೂ ಹೊರಟಳು. ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ, ನನಗೆ ಟಿಕೆಟ್ಟು. ದುಡ್ಡು ಕೊಟ್ಟು ಹೋಗಿ ಮರ್ಯಾದೆ ಕಳೆದುಕೊಂಡವನು ನಾನೊಬ್ಬನೇ.

ಬೀಗರು ಮಂಚದ ಮೇಲೆ ಆರಾಮವಾಗಿ ಕೂತು ಇಡ್ಲಿ ತಿನ್ನುತ್ತಿದ್ದರು. ನಾನು ವಾರ್ಡಿನ ಬಾಗಿಲಲ್ಲಿ ನಿಂತದ್ದು ಕಂಡದ್ದೇ ಇಡ್ಲಿ ಅರ್ಧ ದಾರಿಯಲ್ಲಿ ನಿಂತಿತು. ನಾನು ಬಾಯಿ ಬಿಡಲಿಲ್ಲ. ಇಲಿಯಾಸನ ಮಾತು ನೆನಪಿತ್ತು. ಬಾಯಿ ಬಿಡದೆ ನಿಂತದ್ದೇ ತಪ್ಪಾಯಿತು. ಎಂದೂ ಸುಮ್ಮನಿರದ ನಂಜಣ್ಣ ಮಾತಿಲ್ಲದೆ ನಿಂತಿದ್ದಾನೆ ಅಂದರೆ ವಿಷಯ ಕೈಮೀರಿದೆ ಎಂದೇ ಅವರು ತಿಳಿದರು. "ಡಾಕ್ಟ್ರು ನಿಮ್ಗೇನಾದ್ರೂ ಫೋನ್ ಮಾಡಿದ್ರಾ ಬೀಗ್ರೇ? ದಿಟ ಹೇಳ್ಬುಡಿ" ಎಂದು ಹಣೆ ಒರೆಸಿಕೊಂಡರು. ನರ್ಸು ಬಂದು ನೋಡಿದರೆ ಬಿ.ಪಿ. ಏರಿತ್ತು. ಬೀಗಿತ್ತಿ ನಿಂಗಮ್ಮನವರು ಮಂಚದ ಸುತ್ತ ಪರದೆ ಎಳೆದರು. ಅವತ್ತು ಮನೆಗೆ ಕಳಿಸಬೇಕಾಗಿದ್ದವರನ್ನು ಮಾರನೆಯ ದಿನಕ್ಕೆ ಉಳಿಸಿಕೊಂಡರು. ವಾರ ಕಳೆದ ಮೇಲೆ ಪೂರ್ಣಿಮಾಳ ಫೋನು ಬಂತು. "ಅತ್ತೆ ನನ್ ಜೊತೆ ಮಾತ್ ಬುಟ್ಟವ್ರೆ ಅಪ್ಪ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ನನ್ನನ್ನು ಕಿಡ್ನಿ ನಂಜಣ್ಣ ಎಂದು ಕರೆದಾಗ ನಗುತ್ತಿದ್ದವನಿಗೆ ಅವತ್ತು ನಗು ಬರಲಿಲ್ಲ. ನನ್ನ ಬಾಯಿಚಪಲಕ್ಕೆ ಮಗಳು ಯಾಕೆ ಒಂದೇ ಅಡುಗೆಮನೆಯಲ್ಲಿ ಮೂಗಿಯ ಹಾಗೆ ಓಡಾಡಬೇಕು? ಇನ್ನು ಮೈಕು ಮುಟ್ಟುವುದಿಲ್ಲ ಎಂದೆ. ಜಯಮ್ಮ, "ಮೊದ್ಲು ಓಗಿ ಮಗ್ಳ ಮನೆ ಸರಿಮಾಡ್ಕೊಂಡ್ ಬರಣ, ಆಮೇಕೆ ನಿಮ್ ಶಪ್ತ" ಎಂದಳು. ಭಾನುವಾರ ನಾಗಮಂಗಲಕ್ಕೆ ಹೋಗಿ, ಅಲ್ಲಿಂದ ಬಿಂಡಿಗನವಿಲೆ ಬಸ್ಸು ಹಿಡಿದೆವು.

ಬೀಗರು ಜಗಲಿಯ ಮೇಲೆ ಕೂತಿದ್ದರು, ಮೈ ಸ್ವಲ್ಪ ಇಳಿದಿತ್ತು. ನಾನು ಮಳೆಯ ಬಗ್ಗೆ ಕೇಳಿದೆ, ರಾಗಿಯ ಬಗ್ಗೆ ಕೇಳಿದೆ, ಕುರಿಗಳ ಕ್ಷೇಮವನ್ನು ಒಂದೊಂದಾಗಿ ವಿಚಾರಿಸಿದೆ. ದೇಹದ ಒಂದು ಭಾಗದ ಹೆಸರನ್ನೂ ಎತ್ತಲಿಲ್ಲ. ಕೈ ಕೊಟ್ಟ ಮಳೆ ಎನ್ನಲೂ ಹಿಂಜರಿದೆ. ನಿಂಗಮ್ಮನವರು ಬಾಗಿಲ ಚೌಕಟ್ಟಿಗೆ ಒರಗಿ ನನ್ನನ್ನೇ ಕಾವಲು ಕಾಯುತ್ತಿದ್ದರು. ಕಡೆಗೆ ಮಾತು ತೆಗೆದವರು ಬೀಗರೇ.

"ಆಸ್ಪತ್ರೆಲಿ ಮಲ್ಗಿದ್ದಾಗ ನಿಮ್ಮ್ ವಿಚಾರಾನೇ ಯೋಚ್ನೆ ಮಾಡ್ತಿದ್ದೆ ಬೀಗ್ರೇ. ಕೊಡಾದು ಒಳ್ಳೇದೇ. ಮಣ್ಗಾಕಾದು ಯಾಕೆ. ಆದ್ರೆ ನಂಗೊಂದ್ ಅನುಮಾನ. ನನ್ನ್ ಲಿವರ್ರು ಇನ್ನೊಬ್ಬನ್ ಹೊಟ್ಟೆಗ್ ಸೇರ್ಕತ್ತದೆ. ಪಿತೃಪಕ್ಷದಲ್ಲಿ ಇಲ್ಲಿ ನಂಗೆ ಎಡೆ ಇಕ್ತಾರೆ, ಮುದ್ದೆ, ಬಾಡು, ಎಲ್ಲಾ. ಬಂದು ಉಂಡ್ರೆ ಅರಗಿಸ್ಕಳಾದು ಎಲ್ಲಿ? ನಾನ್ ಇಲ್ಲಿಗ್ ಬರ್ಬೇಕಾ, ಲಿವರ್ರಿರೋ ಕಡೆ ಓಗ್ಬೇಕಾ?"

ನಾಲ್ಕು ತಾಲ್ಲೂಕು ತಿರುಗಿದ್ದೇನೆ, ಸ್ವರ್ಗದ ಪ್ರಶ್ನೆ ಕೇಳಿದ್ದಾರೆ, ಮರುಜನ್ಮದ ಪ್ರಶ್ನೆ ಕೇಳಿದ್ದಾರೆ, ಎಲ್ಲಕ್ಕೂ ಉತ್ತರ ಕೊಟ್ಟಿದ್ದೇನೆ. ಸತ್ತವರ ಜೀರ್ಣಶಕ್ತಿಯ ಬಗ್ಗೆ ಯಾರೂ ಕೇಳಿರಲಿಲ್ಲ. ಅಷ್ಟರಲ್ಲಿ ಬಾಗಿಲಿಂದ ನಿಂಗಮ್ಮನವರ ದನಿ ಬಂತು.

"ಅದುಕ್ಯಾಕ್ ಅಷ್ಟ್ ಚಿಂತೆ? ಇಲ್ಲೂ ಉಣ್ಣಿ, ಅಲ್ಲೂ ಉಣ್ಣಿ. ಅವ್ರು ದಿನಾ ಉಣ್ಣೋದೆಲ್ಲ ನಿಮ್ಗೇ ಎಡೆ. ನಾವ್ ಇಕ್ಕಾದು ವರ್ಷಕ್ಕೊಂದ್ಸಲ, ಅವ್ರು ಮೂರ್ ಹೊತ್ತೂ ಇಕ್ತಾರೆ. ನಿಮ್ ಹೊಟ್ಟೆಬಾಕತನಕ್ಕೆ ಅದೇ ಸರಿ."

ಬೀಗರು ಗಾಯದ ಮೇಲೆ ಕೈಯಿಟ್ಟುಕೊಂಡು ನಕ್ಕರು. ಇಂಥ ಮಾತು ನನ್ನ ಮೈಕಿನಿಂದ ಎಂದೂ ಬಂದಿರಲಿಲ್ಲ. ನಿಂಗಮ್ಮನವರೂ ಸೆರಗು ಅಡ್ಡ ಹಿಡಿದು ನಕ್ಕು, ಒಳಗೆ ತಿರುಗಿ, "ಪೂರ್ಣಿ, ನಿಮ್ಮಪ್ಪ ಬಾಯೊಣುಗುಸ್ಕಂಡ್ ಕುಂತವ್ರೆ, ಕಾಪಿ ತತ್ತಾರವ್ವ" ಅಂದರು. ಒಳಗಿನಿಂದ "ಬಂದೆ ಅತ್ತೆ" ಎಂದು ಮಗಳ ದನಿ ಕೇಳಿದಾಗ ನನಗೆ ಹೋದ ಜೀವ ಬಂದ ಹಾಗಾಯಿತು.

ಜೀವ ಬಂದದ್ದೇ ತಡ, ಬಾಯಿಯೂ ಬಂತು. ಬರೀ ನಾವು ಒಪ್ಪಿದರೆ ಸಾಲದು, ಆ ಗಳಿಗೆಯಲ್ಲಿ ಮನೆಯವರು ಹೂಂ ಅನ್ನಬೇಕು, ಅದಕ್ಕೇ ಈಗಲೇ ಎಲ್ಲರ ಮುಂದೆ ಹೇಳಿಬಿಡಬೇಕು ಎಂದು ವಿವರಿಸಿದೆ. ನಿಂಗಮ್ಮನವರು, "ನಾನ್ ಊಂ ಅಂತೀನಿ ಬುಡಿ" ಎಂದರು. ಬೀಗರು ಜಯಮ್ಮನ ಕಡೆ ತಿರುಗಿ, "ನೀವೇನಂತೀರಿ ಬೀಗಿತ್ತೀ, ನಮ್ ಬೀಗ್ರುದ್ದು ಕೊಡ್ತೀರಾ?" ಎಂದು ಕೇಳಿದರು.

ಜಯಮ್ಮ ಸೆರಗು ಸರಿಮಾಡಿಕೊಂಡಳು. "ಅವ್ರುದ್ದು ಅವ್ರಿಷ್ಟ. ಊರಿಗೆಲ್ಲಾ ಸಾರವ್ರೆ, ಅಂಗೇ ಮಾಡ್ತೀನಿ. ನಾನೂ ಕೊಡ್ಬೇಕು ಅಂದ್ಕೊಂಡಿವ್ನಿ, ನನ್ನ್ ಯಾರೂ ಕೇಳ್ನಿಲ್ಲ. ನಾನೇ ಮುಂಚೆ ಓದ್ರೆ ಊಂ ಅನ್ಬೇಕಾದೋರು ಇವ್ರೇ ಅಲ್ವಾ? ಕೇಳಿ, ಅಂತಾರಾ ಅಂತ."

ಎಲ್ಲರೂ ನನ್ನ ಕಡೆ ನೋಡಿದರು. ಹೂಂ ಎನ್ನುವುದು ಎಷ್ಟು ಸಣ್ಣ ಮಾತು! ನಾನು ಜಯಮ್ಮನ ಮುಖ ನೋಡಿದೆ. ಆ ಕಣ್ಣು, ಓಲೆಯ ಭಾರಕ್ಕೆ ಜೋತ ಕಿವಿ, ವೀಳ್ಯದೆಲೆಗೆ ಸುಣ್ಣ ಹಚ್ಚಿ ಹಚ್ಚಿ ಬಿರುಕು ಬಿಟ್ಟ ಬೆರಳು. ಯಾವುದೋ ಆಸ್ಪತ್ರೆಯ ಬಾಗಿಲಲ್ಲಿ ಯಾರೋ ನನ್ನ ಹೆಗಲು ಮುಟ್ಟಿ, ಇವರು ಇನ್ನಿಲ್ಲ, ಇವರದ್ದನ್ನು ಕೊಡುತ್ತೀರಾ ಎಂದು ಕೇಳಿದ ಹಾಗಾಯಿತು. ಕೇಳಿದವನು ಇನ್ನಾರೂ ಅಲ್ಲ, ನನ್ನಂಥವನೇ ಒಬ್ಬ ಬಾಯಿಬಡುಕ. ಸಂತೆಯಲ್ಲಿ ತಲೆ ಕೆರೆದುಕೊಳ್ಳುತ್ತಿದ್ದ ಹಳ್ಳಿಯವರಿಗೆ, ಇದರಲ್ಲಿ ಯೋಚಿಸುವುದೇನಿದೆ ಸ್ವಾಮಿ ಎಂದು ಗದರಿದವನು ನಾನು. ಈಗ ಕಾಪಿ ಲೋಟವನ್ನು ತುಟಿಯವರೆಗೆ ಎತ್ತಿ ಹಾಗೇ ಇಳಿಸಿದೆ.

"ಯೋಚ್ನೆ ಮಾಡಿ ಹೇಳ್ತೀನಿ ಕಣೇ" ಎಂದೆ.

ಬೀಗರು ನಗಲಿಲ್ಲ. ಜಯಮ್ಮ ನನ್ನ ಕೈಯಿಂದ ಲೋಟ ತೆಗೆದು ಕೆಳಗಿಟ್ಟು, "ನಿಧಾನುಕ್ಕೇ ಯೋಚ್ನೆ ಮಾಡಿ" ಎಂದಳು. "ನಾನೇನು ಇವತ್ತೇ ಓಯ್ತಿಲ್ಲ."